ಕ್ಯಾಸ್ಕೇಡ್ ಕಾಡಿನಿಂದ ಮನೆಯ ಒಲೆಗೆ: ಸೌದೆ ತರುವವರಿಗೊಂದು ಸಮಗ್ರ ಮಾರ್ಗದರ್ಶಿ

2024ರ ನವೆಂಬರ್ 19ರ ಬಿರುಗಾಳಿಗೆ ಸಿಯಾಟಲ್ ಸುತ್ತಮುತ್ತ ಲಕ್ಷಾಂತರ ಮನೆಗಳ ಕರೆಂಟು ಹೋಯಿತು. ಕೆಲವು ಕಡೆ ವಾಪಸ್ ಬರಲು ದಿನಗಟ್ಟಲೆ ಹಿಡಿಯಿತು. ಮನೆಯಲ್ಲಿ ಗ್ಯಾಸ್ ಫರ್ನೇಸ್ ಇದ್ದರೂ ಅದರ ಫ್ಯಾನು ತಿರುಗಲು ಕರೆಂಟೇ ಬೇಕು, ಹೀಟ್ ಪಂಪಿನ ಮಾತಂತೂ ಬಿಡಿ. ಅಂಥ ಹೊತ್ತಿನಲ್ಲಿ ಮನೆ ಬೆಚ್ಚಗಿಡುವುದು ಸೌದೆ ಒಲೆ. ಆ ಚಳಿಗಾಲದ ನಂತರ ಇಲ್ಲಿನ ಕನ್ನಡದವರಲ್ಲೂ ಸೌದೆಯ ಬಗ್ಗೆ ವಿಚಾರಿಸುವವರು ಹೆಚ್ಚಾದರು. ಪೆಟ್ರೋಲ್ ಬಂಕಿನ ಮುಂದೆ ಪ್ಲಾಸ್ಟಿಕ್ ಸುತ್ತಿಟ್ಟ ನಾಲ್ಕಾರು ಸೀಳನ್ನು ಕೊಂಡು ಮನೆ ಕಾಯಿಸುತ್ತೇನೆ ಎಂದರೆ ಜೇಬು ಖಾಲಿ. ಕಾಡಿಗೆ ಹೋಗಿ ನೀವೇ ತರಬಹುದು. ಅಮೆರಿಕದ ಸರ್ಕಾರಿ ಕಾಡುಗಳಲ್ಲಿ ಸ್ವಂತ ಬಳಕೆಗೆ ಸೌದೆ ತರಲು ಅವಕಾಶವಿದೆ, ಅದಕ್ಕೊಂದು ಕ್ರಮವೂ ಇದೆ.

ಚೈನ್‌ಸಾ (ಯಂತ್ರದ ಗರಗಸ) ಹಿಡಿಯುವುದು ಈ ಕೆಲಸದಲ್ಲಿ ಚಿಕ್ಕ ಭಾಗ. ಯಾರ ಜಾಗ, ಯಾವ ತಿಂಗಳು, ಯಾವ ಮರ, ಈ ಮೂರನ್ನು ಸರಿಯಾಗಿ ಆರಿಸಿದವರಿಗೆ ಉಳಿದದ್ದು ಬರೀ ಬೆವರು. ಹಾಗಾಗಿ ಈ ಬರಹದಲ್ಲಿ ಆರಿಸುವ ಮಾತೇ ಜಾಸ್ತಿ. ಇಲ್ಲಿ ಹೇಳುವುದೆಲ್ಲ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಬೆಟ್ಟಸಾಲಿನ ಪೂರ್ವ ಮಗ್ಗುಲನ್ನು ಮನಸ್ಸಿನಲ್ಲಿಟ್ಟುಕೊಂಡು. ಬೇರೆ ರಾಜ್ಯದಲ್ಲಿರುವವರು ತಮ್ಮ ಕಾಡಿನ ನಿಯಮ ನೋಡಿಕೊಳ್ಳಬೇಕು.

ಮೊದಲು ಒಲೆ, ಆಮೇಲೆ ಕಾಡು

ನಿಮ್ಮ ಮನೆಯಲ್ಲಿರುವುದು ಏನು ಎಂದು ಮೊದಲು ನೋಡಿ. ಗುಂಡಿ ಒತ್ತಿದರೆ ಉರಿಯುವ ಗ್ಯಾಸ್ ಫೈರ್‌ಪ್ಲೇಸ್‌ನಲ್ಲಿ ಸೌದೆ ಹಾಕುವ ಹಾಗೇ ಇಲ್ಲ. ಇಟ್ಟಿಗೆಯ ತೆರೆದ ಫೈರ್‌ಪ್ಲೇಸ್ ಇದ್ದರೆ ಕೂತು ನೋಡಲು ಚೆಂದ, ಕಾಯಿಸಲು ದಂಡ. ಬಿಸಿಯ ಹೆಚ್ಚಿನ ಪಾಲು ಚಿಮಣಿಯಲ್ಲೇ ಹೋಗುತ್ತದೆ, ಜೊತೆಗೆ ಕೋಣೆಯ ಬೆಚ್ಚಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಮನೆ ಕಾಯಬೇಕಾದರೆ ಬಾಗಿಲಿರುವ ಕಬ್ಬಿಣದ ಒಲೆ ಅಥವಾ ಫೈರ್‌ಪ್ಲೇಸ್ ಒಳಗೆ ಕೂರಿಸುವ ಇನ್ಸರ್ಟ್ ಬೇಕು. 2020ರ ಮೇ 15ರಿಂದ ಹೊಸದಾಗಿ ಮಾರುವ ಒಲೆಗಳಿಗೆ ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಇಪಿಎ ಇಟ್ಟಿರುವ ಹೊಗೆಯ ಮಿತಿ ಗಂಟೆಗೆ 2 ಗ್ರಾಂ. (ಮಾಮೂಲಿ ಸೀಳುಸೌದೆಯಿಂದ ಪರೀಕ್ಷಿಸಿದ ಒಲೆಗೆ ಮಿತಿ ತುಸು ಬೇರೆ.) ಹಳೆಯ ಒಲೆಯಾದರೆ ಹಿಂಬದಿಯ ಲೋಹದ ಪಟ್ಟಿಯಲ್ಲಿ ಇಪಿಎ ಪ್ರಮಾಣೀಕರಿಸಿದ ಗುರುತು ಇದೆಯೇ ನೋಡಿ, ಮುಂದೆ ಅದು ಉಪಯೋಗಕ್ಕೆ ಬರುತ್ತದೆ.

ಒಲೆಯ ಒಳ ಅಳತೆಯನ್ನು ಟೇಪು ಹಿಡಿದು ತೆಗೆದುಕೊಂಡು ಅದಕ್ಕಿಂತ ಎರಡಿಂಚು ಕಮ್ಮಿ ಉದ್ದಕ್ಕೆ ಸೌದೆ ಕೊಯ್ಯಬೇಕು. ಬಹಳಷ್ಟು ಒಲೆಗಳಿಗೆ 16 ಇಂಚು ಸರಿಹೋಗುತ್ತದೆ. ಈ ಒಂದು ಸಂಖ್ಯೆ ಗೊತ್ತಿಲ್ಲದೆ ಕಾಡಿಗೆ ಹೊರಡಬೇಡಿ.

ಯಾರ ಕಾಡು ಎಂದು ತಿಳಿಯುವುದು

ಇಲ್ಲಿ ಹಸಿರೆಲ್ಲ ಒಬ್ಬರದ್ದಲ್ಲ. ನ್ಯಾಷನಲ್ ಫಾರೆಸ್ಟ್ ನೋಡಿಕೊಳ್ಳುವುದು ಕೃಷಿ ಇಲಾಖೆಯ ಕೆಳಗೆ 1905ರಲ್ಲಿ ಆದ ಫಾರೆಸ್ಟ್ ಸರ್ವಿಸ್. ನ್ಯಾಷನಲ್ ಪಾರ್ಕ್ ಬೇರೆ, ಅಲ್ಲಿಂದ ಮನೆಗೆ ಸೌದೆ ತರುವ ಹಾಗಿಲ್ಲ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ (ಡಿಎನ್‌ಆರ್) ಕಾಡಿಗೆ ಬೇರೆ ಪರವಾನಗಿ. ಮರದ ಕಂಪನಿಗಳ ಖಾಸಗಿ ಕಾಡು ಮತ್ತೆ ಬೇರೆ. ನ್ಯಾಷನಲ್ ಫಾರೆಸ್ಟ್ ಒಳಗೇ ವಿಲ್ಡರ್‌ನೆಸ್ ಎಂದು ಗುರುತಿಸಿದ ಭಾಗಗಳಿವೆ, ಅಲ್ಲಿ ಚೈನ್‌ಸಾ ಶಬ್ದವೇ ಬರಬಾರದು.

ಸಿಯಾಟಲ್ ಕಡೆಯವರು ಹೆಚ್ಚಾಗಿ ಸ್ನೋಕ್ವಾಲ್ಮಿ ಕಣಿವೆದಾರಿ ದಾಟಿ ಕ್ಲೀ ಎಲಮ್ ಸುತ್ತಿನ ಒಕನಾಗನ್-ವೆನಾಚಿ ನ್ಯಾಷನಲ್ ಫಾರೆಸ್ಟಿಗೆ ಹೋಗುತ್ತಾರೆ. ಬೆಟ್ಟದ ಈ ಪಶ್ಚಿಮ ಮಗ್ಗುಲು ಮಳೆ ಹೀರಿ ಹೀರಿ ಬಿದ್ದ ಮರವನ್ನು ಲಡ್ಡು ಮಾಡಿಬಿಡುತ್ತದೆ. ಆ ಪೂರ್ವ ಮಗ್ಗುಲು ಮಳೆನೆರಳು, ನಿಂತಲ್ಲೇ ಮರ ಒಣಗುತ್ತದೆ. ಆಗುಂಬೆಗೂ ಚನ್ನಗಿರಿಗೂ ಇರುವ ವ್ಯತ್ಯಾಸ ಎಂದುಕೊಳ್ಳಿ. ಆದರೆ ಕ್ಲೀ ಎಲಮ್ ಸುತ್ತ ಒಂದು ತೊಡಕಿದೆ. 1864ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿಗೆ ಸರ್ಕಾರ ಹಳಿಯ ಎರಡೂ ಕಡೆ ಒಂದು ಬಿಟ್ಟು ಒಂದರಂತೆ ಚದರ ಮೈಲಿಯ ತುಂಡುಗಳನ್ನು ಕೊಟ್ಟಿತು. ಅದರ ಗುರುತು ಇವತ್ತಿಗೂ ನಕ್ಷೆಯಲ್ಲಿ ಚದುರಂಗದ ಮಣೆಯಾಗಿ ಕಾಣುತ್ತದೆ: ಈ ಚೌಕ ಸರ್ಕಾರದ್ದು, ಪಕ್ಕದ್ದು ಖಾಸಗಿ. ನಡುವೆ ಬೇಲಿ ಇರುವುದಿಲ್ಲ, ಬೋರ್ಡೂ ಎಲ್ಲ ಕಡೆ ಇರುವುದಿಲ್ಲ. ಗಡಿ ಗೊತ್ತಿರಲಿಲ್ಲ ಎಂಬ ಸಬೂಬು ನಡೆಯುವುದಿಲ್ಲ.

ಆದ್ದರಿಂದ ಫೋನಿನಲ್ಲಿ ಒಡೆತನ ತೋರಿಸುವ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ. ಅವೆಂಜಾ ಆ್ಯಪಿನಲ್ಲಿ ಫಾರೆಸ್ಟ್ ಸರ್ವಿಸ್‌ನ ನಕ್ಷೆಗಳು ಸಿಗುತ್ತವೆ, ನೆಟ್‌ವರ್ಕ್ ಇಲ್ಲದಿದ್ದರೂ ನೀವು ನಿಂತ ಜಾಗ ತೋರಿಸುತ್ತವೆ. ಯಾವ ರಸ್ತೆಯಲ್ಲಿ ಗಾಡಿ ಓಡಿಸಬಹುದು ಎಂಬುದಕ್ಕೆ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಎಂಬ ಕಪ್ಪು-ಬಿಳುಪು ನಕ್ಷೆ ಬೇರೆ ಇದೆ. ನೋಡಲು ಬೋಳು ಬೋಳು. ಆದರೆ ಕಾನೂನಿನ ಲೆಕ್ಕಕ್ಕೆ ಬರುವುದು ಅದೇ. ಅದರಲ್ಲಿಲ್ಲದ ದಾರಿಗೆ ಗಾಡಿ ಇಳಿಸಬಾರದು.

ಪರವಾನಗಿ ಮತ್ತು ಟ್ಯಾಗು

ಆಯಾ ರೇಂಜರ್ ಡಿಸ್ಟ್ರಿಕ್ಟ್ ಕಚೇರಿಗೆ ಫೋನ್ ಮಾಡಿ. ಈ ವರ್ಷ ಸೌದೆಗೆ ಯಾವ ಪ್ರದೇಶ ತೆರೆದಿದೆ, ದರ ಎಷ್ಟು, ಒಂದು ಮನೆಗೆ ಎಷ್ಟು ಕಾರ್ಡ್ (ಸೌದೆಯ ಅಳತೆ) ಮಿತಿ, ನಿಂತ ಒಣಮರ ಕಡಿಯಬಹುದೋ ಬಿದ್ದದ್ದನ್ನು ಮಾತ್ರವೋ ಎಂಬ ನಾಲ್ಕು ಪ್ರಶ್ನೆ ಕೇಳಿ. ಉತ್ತರ ಕಾಡಿನಿಂದ ಕಾಡಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ; ಹೋದ ವರ್ಷ ಹೋಗಿ ಬಂದವರ ಮಾತು ನಂಬಿ ಹೊರಡಬೇಡಿ. ದರ ಸಾಮಾನ್ಯವಾಗಿ ಕಾರ್ಡಿಗೆ ಕೆಲವೇ ಡಾಲರು, ಕೆಲವು ಕಡೆ ಅದೂ ಇಲ್ಲ.

ಕಾರ್ಡ್ ಎಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದಕ್ಕೆ ಒತ್ತಾಗಿ ಒಟ್ಟಿದ ಸೌದೆ, 128 ಘನ ಅಡಿ. ಕರೆಂಟು ಹೋದಾಗಿನ ಆಪತ್ತಿಗೆ ಮಾತ್ರ ಎನ್ನುವ ಮನೆಗೆ ಒಂದು ಕಾರ್ಡ್ ಧಾರಾಳ. ಇಡೀ ಚಳಿಗಾಲ ಅದರಲ್ಲೇ ಕಾಯಿಸುವವರಿಗೆ ಹಲವು ಕಾರ್ಡ್ ಬೇಕು. ಅಂಥವರಿಗೆ ಈ ಲೇಖನ ಬೇಕಿಲ್ಲ, ಅವರಿಗೆ ಇದೆಲ್ಲ ಗೊತ್ತಿರುತ್ತದೆ.

ಪರವಾನಗಿಯ ಜೊತೆ ಟ್ಯಾಗುಗಳನ್ನು ಕೊಡುತ್ತಾರೆ. ಒಂದೊಂದು ಟ್ಯಾಗು ಕಾರ್ಡಿನ ಇಂತಿಷ್ಟು ಭಾಗಕ್ಕೆ ಲೆಕ್ಕ. ಸೌದೆ ಹೇರಿದ ಮೇಲೆ, ಗಾಡಿ ಹೊರಡುವ ಮೊದಲು, ತಿಂಗಳು-ತಾರೀಕಿನ ಜಾಗ ಕತ್ತರಿಸಿ ಹಿಂದಿನಿಂದ ಕಾಣುವ ಹಾಗೆ ಹೊರೆಗೆ ಹೊಡೆಯಬೇಕು. ಆಮೇಲೆ ಹಾಕಿದರಾಯಿತು ಎಂದು ಜೇಬಿನಲ್ಲಿಟ್ಟುಕೊಂಡು ಬಂದು ದಾರಿಯಲ್ಲಿ ಸಿಕ್ಕಿಬಿದ್ದರೆ ಪರವಾನಗಿ ಇದ್ದೂ ಇಲ್ಲದ ಹಾಗೆ. ಕಾಗದದ ಜೊತೆ ಕೊಡುವ ನಿಯಮದ ಹಾಳೆಯನ್ನು ಪೂರ್ತಿ ಓದಿ: ಹೊಳೆ-ತೊರೆಯಿಂದ ಎಷ್ಟು ದೂರ, ರಸ್ತೆಯಿಂದ ಎಷ್ಟು ಒಳಗೆ, ಎಷ್ಟು ದಪ್ಪದ ಮರದವರೆಗೆ, ಯಾವ ಜಾತಿ ಬೇಡ ಎಂದೆಲ್ಲ ಅದರಲ್ಲಿರುತ್ತದೆ.

ಹೀಗೆ ತಂದ ಸೌದೆಯನ್ನು ಮಾರುವಂತಿಲ್ಲ. ಶಿರಸಿ-ಸಿದ್ದಾಪುರದ ಕಡೆಯವರಿಗೆ ಇದು ಹೊಸದೇನಲ್ಲ. ಅಡಿಕೆ ತೋಟದ ಜೊತೆಗೆ ಬಂದ ಸೊಪ್ಪಿನ ಬೆಟ್ಟದಲ್ಲೂ ಸೊಪ್ಪು, ಸೌದೆ ಸ್ವಂತ ತೋಟಕ್ಕೆ, ಮನೆಗೆ.

ಯಾವ ತಿಂಗಳು

ಬೇಸಿಗೆಯ ಆರಂಭವೇ ಒಳ್ಳೆಯ ಕಾಲ. ಹಿಮ ಕರಗಿ ರಸ್ತೆ ತೆರೆದಿರುತ್ತದೆ, ಕಾಡಿಗೆ ಬೆಂಕಿಯ ಭಯ ಇನ್ನೂ ಏರಿರುವುದಿಲ್ಲ, ತಂದು ಸೀಳಿಟ್ಟರೆ ಒಣಗಲು ಪೂರಾ ಬೇಸಿಗೆ ಮುಂದಿರುತ್ತದೆ.

ಜುಲೈ ಕಳೆದ ಮೇಲೆ ಬೆಂಕಿಯ ನಿಯಮಗಳು ಬಿಗಿಯಾಗುತ್ತವೆ. ವಾಷಿಂಗ್ಟನ್ ಮತ್ತು ಆರೆಗಾನ್‌ನಲ್ಲಿ ಕಾಡಿನ ಕೆಲಸಕ್ಕೆ ಐಎಫ್‌ಪಿಎಲ್ ಎಂಬ ಬೆಂಕಿ ಮುನ್ನೆಚ್ಚರಿಕೆಯ ನಾಲ್ಕು ಹಂತಗಳಿವೆ. ಒಂದನೆಯ ಹಂತದಲ್ಲಿ ಬೆಂಕಿ ಆರಿಸುವ ಸಾಮಾನು ಜೊತೆಗಿರಬೇಕು, ಗರಗಸ ನಿಲ್ಲಿಸಿದ ಮೇಲೆ ಒಂದು ಗಂಟೆ ಅಲ್ಲೇ ಕಾದು ಕೂರಬೇಕು. ಎರಡನೆಯ ಹಂತದಲ್ಲಿ ಮಧ್ಯಾಹ್ನ 1ರಿಂದ ರಾತ್ರಿ 8ರವರೆಗೆ ಚೈನ್‌ಸಾ ಬಂದ್. ಅಂದರೆ ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. ಮೂರು-ನಾಲ್ಕರಲ್ಲಿ ಸೌದೆ ಕೆಲಸವೇ ಇಲ್ಲ. ಹೊರಡುವ ದಿನ ಬೆಳಿಗ್ಗೆ ಹಂತ ಎಷ್ಟಿದೆ ಎಂದು ನೋಡಿಯೇ ಹೊರಡಿ, ಹಿಂದಿನ ರಾತ್ರಿ ನೋಡಿದ್ದು ಲೆಕ್ಕಕ್ಕಿಲ್ಲ. ಕಾದು ಕೂರುವ ಆ ಒಂದು ಗಂಟೆ ಬುತ್ತಿ ಬಿಚ್ಚಲು ಹೇಳಿ ಮಾಡಿಸಿದ್ದು.

ಅಕ್ಟೋಬರಿನಲ್ಲಿ ಹೋಗಬಹುದು, ಆದರೆ ಆಗ ಜಿಂಕೆ ಬೇಟೆಯ ಕಾಲ. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಅಂಗಿ ಹಾಕಿ. ಆಗ ತಂದ ಸೌದೆ ಈ ಚಳಿಗಾಲಕ್ಕೆ ಒದಗುವುದು ಅಪರೂಪ, ಅದು ಮುಂದಿನ ವರ್ಷಕ್ಕೆ.

ಮರ ಆರಿಸುವುದು

ಇಲ್ಲಿ ಅವಸರ ಮಾಡಬೇಡಿ. ಚೈನ್‌ಸಾ ಗಾಡಿಯಲ್ಲೇ ಇರಲಿ. ಮೊದಲು ರಸ್ತೆಯುದ್ದಕ್ಕೂ ನಿಧಾನ ಹೋಗಿ ನೋಡಿ.

ಹೊಸಬರಿಗೆ ನನ್ನ ಸಲಹೆ ಒಂದೇ: ನಿಂತ ಮರದ ತಂಟೆಗೆ ಹೋಗಬೇಡಿ, ಪರವಾನಗಿ ಬಿಟ್ಟರೂ ಬೇಡ. ಒಣಗಿ ನಿಂತ ಮರದ ತುದಿ, ಮುರಿದು ಸಿಕ್ಕಿಕೊಂಡ ಕೊಂಬೆ ಚೈನ್‌ಸಾದ ಅದುರಿಗೇ ಮೇಲಿನಿಂದ ಕಳಚಿ ಬೀಳುತ್ತವೆ. ಮರ ಉರುಳಿಸುವುದನ್ನು ಯೂಟ್ಯೂಬ್ ನೋಡಿ ಕಲಿಯಲಾಗದು, ಬಲ್ಲವರ ಪಕ್ಕ ನಿಂತು ಕಲಿಯಬೇಕು. ಗಾಳಿಗೆ, ಹಿಮದ ಭಾರಕ್ಕೆ ಬಿದ್ದ ಮರಗಳು ಬೇಕಾದಷ್ಟಿರುತ್ತವೆ. ನಿಂತು ಒಣಗಿ ಆಮೇಲೆ ಬಿದ್ದ ಮರ ಸಿಕ್ಕಿದರೆ ಅದಕ್ಕಿಂತ ಭಾಗ್ಯವಿಲ್ಲ.

ರಸ್ತೆಯ ಮೇಲ್ಮಗ್ಗುಲಲ್ಲಿ ಬಿದ್ದದ್ದನ್ನು ಹುಡುಕಿ. ಕೊಯ್ದ ತುಂಡುಗಳನ್ನು ಇಳಿಜಾರಿನಲ್ಲಿ ಕೆಳಗೆ ತರುವುದು ಸುಲಭ. ಕೆಳಮಗ್ಗುಲಿನ ದಿಮ್ಮಿ ಎಷ್ಟೇ ಚೆನ್ನಾಗಿದ್ದರೂ ಒಂದೊಂದು ತುಂಡನ್ನೂ ಎದೆಗವಚಿ ಏರು ಹತ್ತುವಾಗ ಬುದ್ಧಿ ಬರುತ್ತದೆ. ಕೆಳಗೆ ಉರುಳಿಸುವಾಗ ರಸ್ತೆಯಲ್ಲಿ ಗಾಡಿ, ಜನ ಇಲ್ಲವೆಂದು ನೋಡಲು ಒಬ್ಬರು ನಿಂತಿರಬೇಕು.

ಒಣಗಿದೆಯೇ ಎಂದು ತಿಳಿಯುವ ಗುರುತುಗಳು ಹೀಗಿವೆ. ಸೂಜಿ ಎಲೆ ಕೆಂಪಗೆ ಇನ್ನೂ ಅಂಟಿಕೊಂಡಿದ್ದರೆ ಮರ ಸತ್ತು ಹೆಚ್ಚು ದಿನವಾಗಿಲ್ಲ, ಒಳಗೆ ಹಸಿ. ಎಲೆ ಉದುರಿ, ತೊಗಟೆ ಸುಲಿದು, ಮೈ ಬೂದುಬಣ್ಣಕ್ಕೆ ತಿರುಗಿ ಉದ್ದುದ್ದ ಬಿರುಕು ಬಿಟ್ಟಿದ್ದರೆ ಒಣಗಿದೆ. ಕೊಡಲಿಯ ಹಿಂಭಾಗದಿಂದ ಬಡಿಯಿರಿ: ಟಣ್ಣೆಂದರೆ ಗಟ್ಟಿ, ದಬ್ಬೆಂದರೆ ಒಳಗೆ ಲಡ್ಡು ಅಥವಾ ನೀರು. ಪಾಚಿ ಹತ್ತಿ ನೆಲಕ್ಕೆ ಒರಗಿ ಮೆತ್ತಗಾದದ್ದನ್ನು ಬಿಟ್ಟುಬಿಡಿ, ಅದು ನಿಮ್ಮ ಒಲೆಗೂ ಪ್ರಯೋಜನವಿಲ್ಲ, ಅಲ್ಲಿನ ಹುಳ-ಹುಪ್ಪಟೆಗೆ, ಮೊಳೆಯುವ ಸಸಿಗೆ ಅದೇ ನೆಲ. ಪೊಟರೆ ಇರುವ ಮರ, ಮರಕುಟಿಗ ಕುಟ್ಟಿದ ಮರ, ಇಲಾಖೆ ಬಣ್ಣವೋ ಬೋರ್ಡೋ ಹಾಕಿ ಗುರುತು ಮಾಡಿದ ಮರ, ಇವನ್ನೂ ಮುಟ್ಟಬೇಡಿ. 1990ರಿಂದ ಅಪಾಯದಂಚಿನ ಪಟ್ಟಿಯಲ್ಲಿರುವ ಸ್ಪಾಟೆಡ್ ಗೂಬೆ ಈ ಕಾಡುಗಳದ್ದೇ. ಹಳೆಯ ಪೊಟರೆಮರಗಳನ್ನು ಇಲಾಖೆ ಬಿಡಿಸಿಟ್ಟುಕೊಳ್ಳುವುದಕ್ಕೆ ಇಂಥ ಕಾರಣಗಳಿವೆ.

ಇನ್ನು ಜಾತಿ. ಎಲ್ಲರ ಕಣ್ಣೂ ವೆಸ್ಟರ್ನ್ ಲಾರ್ಚ್ ಮೇಲೆ. ಸ್ಥಳೀಯರು ಟ್ಯಾಮರಾಕ್ ಎನ್ನುತ್ತಾರೆ. ಭಾರವಾದ ಮರ, ಸೀಳಲು ಸಲೀಸು, ಕಾವು ಜಾಸ್ತಿ. ಆದರೆ ಇದರಲ್ಲೊಂದು ಮೋಸವಿದೆ. ಸೂಜಿ ಎಲೆಯ ಮರವಾದರೂ ಲಾರ್ಚ್ ಶರತ್ಕಾಲದಲ್ಲಿ ಹಳದಿಯಾಗಿ ಎಲೆ ಪೂರ್ತಿ ಉದುರಿಸುತ್ತದೆ. ನವೆಂಬರಿನಲ್ಲಿ ಬೋಳಾಗಿ ನಿಂತ ಲಾರ್ಚ್ ಸತ್ತಿದೆ ಎಂದುಕೊಂಡು ಜೀವಂತ ಮರಕ್ಕೆ ಗರಗಸ ಇಟ್ಟವರು ದಂಡ ಕಟ್ಟಬೇಕಾಗುತ್ತದೆ. ಕಿರುಕೊಂಬೆ ಬಗ್ಗಿಸಿ ನೋಡಿ: ಬಳುಕಿದರೆ ಬದುಕಿದೆ, ಚಟ್ಟೆಂದು ಮುರಿದರೆ ಸತ್ತಿದೆ.

ಲಾರ್ಚ್ ಸಿಗದಿದ್ದರೆ ಡಗ್ಲಸ್ ಫರ್. ದಪ್ಪ, ಆಳವಾಗಿ ಬಿರಿದ ತೊಗಟೆ. ಬುಡದಲ್ಲಿ ಬಿದ್ದ ಕಾಯಿಯ ಪದರಗಳ ನಡುವೆ ಇಲಿಬಾಲದ ಹಾಗೆ ಚೂಪು ಚೂಪು ಎಸಳು ಹೊರಚಾಚಿದ್ದರೆ ಅನುಮಾನವೇ ಬೇಡ. ಲಾಜ್‌ಪೋಲ್ ಪೈನ್ ನೆಟ್ಟಗೆ, ಸಣ್ಣಗೆ, ತೆಳು ತೊಗಟೆ. ಕಾವು ಸ್ವಲ್ಪ ಕಮ್ಮಿಯಾದರೂ ಬೇಗ ಒಣಗುತ್ತದೆ, ಒಬ್ಬರೇ ಎತ್ತಬಹುದು. ಹೊಸಬರಿಗೆ ಇದೇ ವಾಸಿ. ಅದರ ಅಡ್ಡಕೊಯ್ತದಲ್ಲಿ ನೀಲಿಛಾಯೆ ಕಂಡರೆ ಗಾಬರಿ ಬೇಡ. ಪೈನ್ ಜೀರುಂಡೆ ಕೊಂದ ಮರಕ್ಕೆ ಅದು ತಂದ ಶಿಲೀಂಧ್ರದ ಬಣ್ಣ ಅದು, ಉರಿಯಲು ಏನೂ ತೊಂದರೆಯಿಲ್ಲ. ಗ್ರ್ಯಾಂಡ್ ಫರ್ ಬೇಗ ಕೊಳೆಯುತ್ತದೆ, ಕಾವೂ ಇಲ್ಲ. ನಾನಾದರೆ ಮುಂದೆ ಹೋಗುತ್ತೇನೆ. ಕೆಂಪು ಸೀಡರ್ ಬೆಂಕಿ ಹೊತ್ತಿಸಲು ಎತ್ತಿದ ಕೈ, ಆದರೆ ಅನೇಕ ಪರವಾನಗಿಗಳಲ್ಲಿ ಅದಕ್ಕೆ ನಿಷೇಧ ಇರುತ್ತದೆ.

ಜೊತೆಗೆ ಒಯ್ಯಬೇಕಾದದ್ದು

16ರಿಂದ 20 ಇಂಚು ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ) ಇರುವ ಚೈನ್‌ಸಾ ಸಾಕು, ಅದಕ್ಕೆ ಕಿಡಿ ತಡೆಯುವ ಜಾಳಿಗೆ ಇರಲೇಬೇಕು. ಪೆಟ್ರೋಲಿಗೆ 50ಕ್ಕೆ 1ರಂತೆ ಟೂ-ಸ್ಟ್ರೋಕ್ ಆಯಿಲ್ ಬೆರೆಸಬೇಕು (ನಿಮ್ಮ ಯಂತ್ರದ ಪುಸ್ತಕ ಬೇರೆ ಹೇಳಿದರೆ ಅದೇ ಸರಿ), ಬಾರ್‌ಗೆ ಬೇರೆ ಎಣ್ಣೆ. ಕಾಲಿಗೆ ಚೈನ್‌ಸಾ ಚಾಪ್ಸ್ ಎಂಬ ರಕ್ಷಾಹೊದಿಕೆ, ತಲೆಗೆ ಹೆಲ್ಮೆಟ್, ಕಣ್ಣು-ಕಿವಿಗೆ ರಕ್ಷೆ, ಗಟ್ಟಿ ಬೂಟು. ಚಾಪ್ಸ್ ದುಬಾರಿ ಎನಿಸಿದರೆ ಚೈನ್‌ಸಾವನ್ನೇ ಕೊಳ್ಳಬೇಡಿ.

ಬೆಂಕಿಗೆ ಸಲಿಕೆ ಮತ್ತು ಅಗ್ನಿಶಾಮಕ ಸಿಲಿಂಡರ್, ಎರಡೂ ಕೈಗೆಟಕುವಲ್ಲಿ. ಪ್ಲಾಸ್ಟಿಕ್ಕಿನ ಎರಡು ಬೆಣೆ, ಕೊಡಲಿ, 16 ಇಂಚಿಗೆ ಗುರುತು ಹಾಕಲು ಸೀಮೆಸುಣ್ಣ ಕಟ್ಟಿದ ಕೋಲು, ಹೊರೆ ಕಟ್ಟುವ ಪಟ್ಟಿಗಳು, ರಕ್ತ ನಿಲ್ಲಿಸುವ ಬ್ಯಾಂಡೇಜು ಇರುವ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸ್ಟೆಪ್ನಿ, ಬೇಕಾದಷ್ಟು ನೀರು. ಮತ್ತೆ ಇನ್ನೊಬ್ಬರು. ಒಬ್ಬರೇ ಹೋಗುವ ಕೆಲಸ ಇದಲ್ಲ. ಯಾವ ರಸ್ತೆಯಲ್ಲಿರುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ, ಅಲ್ಲಿ ಫೋನು ಹತ್ತುವುದಿಲ್ಲ.

ಬಾಡಿಗೆ ಪಿಕಪ್ ತೆಗೆದುಕೊಳ್ಳುವವರು ಒಪ್ಪಂದ ಓದಿಕೊಳ್ಳಿ. ಡಾಂಬರು ರಸ್ತೆ ಬಿಟ್ಟು ಇಳಿಯಬಾರದು ಎಂಬ ಷರತ್ತು ಅದರಲ್ಲಿ ಇರಬಹುದು.

ತುಂಡು ಮಾಡುವುದು

ಮೊದಲು ದಿಮ್ಮಿ ಯಾವ ಆಧಾರದ ಮೇಲೆ ಕೂತಿದೆ ಎಂದು ನೋಡಿ. ಎರಡೂ ತುದಿ ಎತ್ತರದಲ್ಲಿದ್ದು ನಡು ನೇತಾಡುತ್ತಿದ್ದರೆ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಎಳೆದುಕೊಂಡಿರುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸಿ. ಒಂದೇ ತುದಿಗೆ ಆಧಾರವಿದ್ದು ಇನ್ನೊಂದು ಗಾಳಿಯಲ್ಲಿದ್ದರೆ ಇದರ ಉಲ್ಟಾ: ಮೊದಲು ಕೆಳಗಿನಿಂದ ಸ್ವಲ್ಪ, ಆಮೇಲೆ ಮೇಲಿನಿಂದ. ಇದು ತಪ್ಪಿದರೆ ಬಾರ್ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ದಿಮ್ಮಿ ಸೀಳಿ ಚಿಮ್ಮುತ್ತದೆ. ಇಳಿಜಾರಿನಲ್ಲಿ ಯಾವತ್ತೂ ದಿಮ್ಮಿಯ ಮೇಲ್ಬದಿಗೇ ನಿಲ್ಲಿ.

ಬಾರಿನ ಮೂತಿಯ ಮೇಲಿನ ಅಂಚು ಏನಕ್ಕೂ ತಾಗಬಾರದು. ತಾಗಿದರೆ ಚೈನ್‌ಸಾ ಮುಖದ ಕಡೆ ಒದೆಯುತ್ತದೆ. ಎರಡೂ ಕೈಯ ಹೆಬ್ಬೆರಳು ಹಿಡಿಯನ್ನು ಸುತ್ತಿರಲಿ, ಭುಜಕ್ಕಿಂತ ಮೇಲೆ ಎತ್ತಬೇಡಿ. ಚೈನು ನೆಲಕ್ಕೆ ತಾಗಿಸಿದಿರೋ, ಹರಿತ ಹೋಯಿತು. ಚೈನು ಹರಿತವಿದ್ದರೆ ಉದ್ದನೆ ಚಕ್ಕೆ ಬೀಳುತ್ತದೆ, ಹಿಟ್ಟಿನಂಥ ಪುಡಿ ಬರತೊಡಗಿದರೆ ನಿಲ್ಲಿಸಿ ಅರ ಹಾಕಿ. ಆಗಸ್ಟ್-ಸೆಪ್ಟೆಂಬರಿನಲ್ಲಿ ಹಳೆಯ ದಿಮ್ಮಿಗಳಲ್ಲಿ ಹಳದಿ ಕಣಜಗಳ ಗೂಡಿರುತ್ತದೆ. ಗರಗಸ ಇಡುವ ಮೊದಲು ಒಂದು ನಿಮಿಷ ನಿಂತು ಹಾರಾಟ ಇದೆಯೇ ನೋಡಿ.

ಕೆಲಸ ಮುಗಿದ ಮೇಲೆ ಸೊಪ್ಪು-ಕೊಂಬೆ ರಸ್ತೆಯಲ್ಲಿ, ಚರಂಡಿಯಲ್ಲಿ ಬಿಡಬೇಡಿ, ಎಳೆದು ಒಳಗೆ ಹರಡಿ.

ಹೇರಿಕೊಂಡು ಬರುವುದು

ಒಣಗಿದ ಡಗ್ಲಸ್ ಫರ್ ಒಂದು ಕಾರ್ಡ್ ಸುಮಾರು 3,000 ಪೌಂಡ್ ತೂಗುತ್ತದೆ, ಹಸಿ ಇನ್ನೂ ಬಹಳ ಜಾಸ್ತಿ. ಹಾಫ್-ಟನ್ ಎಂದು ಬರೀ ಹೆಸರಿಗೆ ಕರೆಯುವ ಸಾಮಾನ್ಯ ಪಿಕಪ್ ಹೊರುವುದು 1,500-2,000 ಪೌಂಡ್, ಅದರಲ್ಲಿ ನೀವೂ ನಿಮ್ಮ ಭಾವನೂ ಸೇರಿ. ಚಾಲಕನ ಬಾಗಿಲಿನ ಒಳ ಅಂಚಿನ ಸ್ಟಿಕ್ಕರಿನಲ್ಲಿ ನಿಮ್ಮ ಗಾಡಿಯ ಮಿತಿ ಬರೆದಿರುತ್ತದೆ. ತೊಟ್ಟಿಯ ಅಂಚಿನ ಮಟ್ಟಕ್ಕೆ ತುಂಬಿಸಿದರೆ ಕಾರ್ಡಿನ ಮೂರನೇ ಒಂದು ಭಾಗದಿಂದ ಅರ್ಧದವರೆಗೆ, ಅಲ್ಲಿಗೆ ನಿಲ್ಲಿಸಿ. ಕಣಿವೆದಾರಿ ಇಳಿಯುವಾಗ ಲೋ ಗೇರಿನಲ್ಲಿ ಬನ್ನಿ, ಬ್ರೇಕನ್ನೇ ನಂಬಿ ಕೂರಬೇಡಿ.

ಸೌದೆಯ ಜೊತೆ ಹುಳವೂ ಪ್ರಯಾಣ ಮಾಡುತ್ತದೆ. 2002ರಲ್ಲಿ ಡೆಟ್ರಾಯಿಟ್ ಬಳಿ ಕಂಡ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಜೀರುಂಡೆ 2022ರಲ್ಲಿ ಆರೆಗಾನ್‌ನಲ್ಲಿ ಕಾಣಿಸಿತು. ಇಂಥ ಹುಳಗಳು ದೂರ ದೂರ ಹಬ್ಬುವುದರಲ್ಲಿ ಸಾಗಿಸುವ ಸೌದೆಯದು ದೊಡ್ಡ ಪಾತ್ರ. ಮನೆಗೆ ಆದಷ್ಟು ಹತ್ತಿರದ ಕಾಡನ್ನೇ ಆರಿಸಿ, ರಾಜ್ಯದ ಗಡಿ ದಾಟಿಸಿ ಸ್ನೇಹಿತರಿಗೆ ಕೊಡುವ ಉದಾರತನ ಬೇಡ.

ಸೀಳಿ ಒಟ್ಟುವುದು

ಸೀಳದೆ ಇಟ್ಟ ತುಂಡು ಒಣಗುವುದಿಲ್ಲ. ತಂದ ವಾರದಲ್ಲೇ ಸೀಳಿ. 6ರಿಂದ 8 ಪೌಂಡಿನ ಮಾಲ್ ಎಂಬ ಸೀಳುಗೊಡಲಿ ಸಾಕು. ಬಿರುಕು ಎಲ್ಲಿದೆ ನೋಡಿ ಅದರ ಗುಂಟವೇ ಹೊಡೆಯಿರಿ, ಗಂಟಿರುವ ಕಡೆ ಬೇಡ. ದೊಡ್ಡ ತುಂಡಿನ ನಡುವಿಗೆ ಹೊಡೆಯುವ ಹಟ ಬಿಟ್ಟು ಅಂಚಿನಿಂದ ಚಕ್ಕೆ ಎಬ್ಬಿಸುತ್ತ ಬನ್ನಿ. ಬೆನ್ನು ಒಪ್ಪದಿದ್ದರೆ ಹೈಡ್ರಾಲಿಕ್ ಸ್ಪ್ಲಿಟರ್ ದಿನದ ಬಾಡಿಗೆಗೆ ಸಿಗುತ್ತದೆ, ಇಬ್ಬರು ಮೂವರು ಮನೆಯವರು ಸೇರಿ ತಂದರೆ ಅಗ್ಗ.

ಒಟ್ಟುವಾಗ ನೆಲದಿಂದ ಎತ್ತರಿಸಿ, ಹಲಗೆ ಪ್ಯಾಲೆಟ್ ಮೇಲೆ, ಗಾಳಿ ಹಾಯುವ ಹಾಗೆ ಒಂದೇ ಸಾಲು. ಮೇಲೆ ಮಾತ್ರ ಹೊದಿಕೆ. ನಾಲ್ಕೂ ಕಡೆ ಟಾರ್ಪಾಲ್ ಸುತ್ತಿದರೆ ಒಳಗೇ ಬೂಸ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಸೌದೆಯ ರಾಶಿ ಮನೆಯಿಂದ 30 ಅಡಿ ದೂರವಿರಲಿ, ಕಾಡುಬೆಂಕಿಯ ಕಿಡಿಗೆ ಅದೇ ಮೊದಲ ತುತ್ತು. ನಮ್ಮ ಊರಿನ ಕೊಟ್ಟಿಗೆಯ ಗೋಡೆಗೆ ಒಟ್ಟಿದ ಹಾಗೆ ಇಲ್ಲಿ ಮರದ ಗೋಡೆಗೆ ಒಟ್ಟಬೇಡಿ.

ತೇವ ಅಳೆಯುವ ಪುಟ್ಟ ಮೀಟರ್ ಒಂದನ್ನು ಕೊಳ್ಳಿ. ಒಂದು ಸೀಳನ್ನು ಮತ್ತೆ ಸೀಳಿ, ಹೊಸದಾಗಿ ತೆರೆದ ಮೈಯ ನಡುವೆ, ಎಳೆಯ ಗುಂಟ ಮುಳ್ಳು ಚುಚ್ಚಿ. ಹೊರಮೈಗೆ, ತುದಿಗೆ ಚುಚ್ಚಿದರೆ ಸುಳ್ಳು ಲೆಕ್ಕ. 20 ಶೇಕಡಾಕ್ಕಿಂತ ಕಮ್ಮಿ ಬರಬೇಕು. ವಾಷಿಂಗ್ಟನ್ ರಾಜ್ಯದ ಕಾನೂನು ಒಣಸೌದೆ ಎಂದು ಒಪ್ಪುವುದೂ ಅಷ್ಟಕ್ಕೇ. ಹಸಿ ಫರ್, ಪೈನ್‌ಗೆ ಕಮ್ಮಿಯೆಂದರೆ ಆರು ತಿಂಗಳ ಒಣಹವೆ ಬೇಕು. ಸಿಯಾಟಲ್ ಕಡೆಯ ಅಕ್ಟೋಬರ್ ನಂತರದ ತಿಂಗಳುಗಳನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ.

ಉರಿಸುವಾಗ

ಬಚ್ಚಲ ಒಲೆಗೆ ಹಸಿಬಿಸಿ ಕುಂಟೆ ತುರುಕಿ ಹೊಗೆಯಾಡಿಸಿ ರೂಢಿಯಿರುವವರು ಆ ರೂಢಿ ಬಿಡಬೇಕು. ಹಸಿ ಸೌದೆಯ ಕಾವೆಲ್ಲ ನೀರು ಆವಿ ಮಾಡುವುದಕ್ಕೇ ಹೋಗುತ್ತದೆ. ತಣ್ಣನೆಯ ಹೊಗೆ ಚಿಮಣಿಯ ಒಳಗೋಡೆಗೆ ಕ್ರಿಯೋಸೋಟ್ ಎಂಬ ಡಾಂಬರಿನಂಥ ಜಿಡ್ಡಾಗಿ ಹತ್ತುತ್ತದೆ. ಮುಂದೊಂದು ದಿನ ಅದಕ್ಕೇ ಬೆಂಕಿ ಹಿಡಿಯುತ್ತದೆ. ವರ್ಷಕ್ಕೊಮ್ಮೆ ಚಿಮಣಿ ಪರೀಕ್ಷಿಸಿ, ಗುಡಿಸಿಸಿ. ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಗಾಳಿ ನಿಂತ ಚಳಿದಿನಗಳಲ್ಲಿ ಸಿಯಾಟಲ್ ಸುತ್ತಿನ ಗಾಳಿಯ ಶುಚಿ ನೋಡಿಕೊಳ್ಳುವ ಪ್ಯೂಜೆಟ್ ಸೌಂಡ್ ವಾಯು ಸಂಸ್ಥೆ ಸೌದೆ ಉರಿಸುವುದಕ್ಕೆ ನಿಷೇಧ ಹೊರಡಿಸುತ್ತದೆ. ಮೊದಲ ಹಂತದಲ್ಲಿ ಫೈರ್‌ಪ್ಲೇಸ್ ಮತ್ತು ಇಪಿಎ ಗುರುತಿಲ್ಲದ ಒಲೆ ಬಂದ್; ಹಿಂಬದಿಯ ಪಟ್ಟಿ ನೋಡಿಡಿ ಎಂದದ್ದು ಇದಕ್ಕೇ. ಎರಡನೆಯ ಹಂತದಲ್ಲಿ ಗುರುತಿರುವ ಒಲೆಯೂ ಬಂದ್. ಬೇರೆ ಶಾಖವೇ ಇಲ್ಲದ ಮನೆಗಳಿಗೆ ಮುಂಚೆಯೇ ಅರ್ಜಿ ಹಾಕಿ ಪಡೆಯುವ ವಿನಾಯಿತಿ ಇದೆ.

ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ, ಮನೆಯ ಹೊರಗೆ, ಮರದ ಡೆಕ್ಕಿನಿಂದ ದೂರ ಇಡಿ. ಅದರೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಪೂರಾ ತಣ್ಣಗಾದ ಮೇಲೆ ತರಕಾರಿ ಮಡಿಗೆ ತೆಳ್ಳಗೆ ಹರಡಬಹುದು, ಇಲ್ಲಿನ ಹುಳಿಮಣ್ಣಿಗೆ ಒಳ್ಳೆಯದು. ಬ್ಲೂಬೆರಿ ಗಿಡದ ಬುಡಕ್ಕೆ ಹಾಕಬೇಡಿ, ಕಿಟಕಿಯಲ್ಲಿ ಜೋಪಾನ ಮಾಡಿರುವ ಕರಿಬೇವಿನ ಕುಂಡಕ್ಕಂತೂ ಬೇಡವೇ ಬೇಡ.